ಸುಗ್ಗಿ, ಬರ, ಪೀಳಿಗೆ: ಜತ್ತ ಸೀಮೆಯಲ್ಲಿ ಕೊಳ್ಳುವ ಕಾಲದ ಇತಿಹಾಸ

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಪೂರ್ವದ ಅಂಚಿನಲ್ಲಿರುವ ಜತ್ತ ತಾಲ್ಲೂಕು ಕರ್ನಾಟಕದ ವಿಜಯಪುರ ಮತ್ತು ಬೆಳಗಾವಿ ಜಿಲ್ಲೆಗಳಿಗೆ ಹೊಂದಿಕೊಂಡಿರುವ ಮಳೆನೆರಳಿನ ಪ್ರದೇಶ. ಆದಿಲಶಾಹಿಯ ಕಾಲದಲ್ಲಿ ಡಫಳೆ ಮನೆತನದ ಕೈಗೆ ಬಂದ ಈ ಸೀಮೆ ಬ್ರಿಟಿಷರ ಆಳ್ವಿಕೆಯಲ್ಲಿ ಸಣ್ಣದೊಂದು ಸಂಸ್ಥಾನವಾಗಿ ಉಳಿದು, 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡು, 1949ರಲ್ಲಿ ರಚನೆಯಾದ ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು. ಆ ಜಿಲ್ಲೆಗೆ ಸಾಂಗಲಿ ಎಂಬ ಹೆಸರು ಬಂದದ್ದು 1960ರಲ್ಲಿ. ಉಮದಿ, ಸಂಖ, ಮಾಡಗ್ಯಾಳ, ದಾನಮ್ಮದೇವಿಯ ಗುಡ್ಡಾಪುರ ಮೊದಲಾದ ಊರುಗಳಲ್ಲಿ ಮನೆಮಾತು ಕನ್ನಡವಾಗಿಯೇ ಉಳಿದಿದ್ದು, ಎರಡು ರಾಜ್ಯಗಳ ಗಡಿವಿವಾದವನ್ನು ಪರಿಶೀಲಿಸಿದ ಮಹಾಜನ ಆಯೋಗವು 1967ರ ತನ್ನ ವರದಿಯಲ್ಲಿ ಈ ತಾಲ್ಲೂಕಿನ 44 ಹಳ್ಳಿಗಳನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಸೂಚಿಸಿದ್ದು ಗಡಿಯ ಚರ್ಚೆಯಲ್ಲಿ ಇಂದಿಗೂ ಕೇಳಿಬರುವ ಸಂಗತಿ. ಭಾಷೆ ಮತ್ತು ಗಡಿಯ ಇತಿಹಾಸವನ್ನು ಬರೆದವರು ಹಲವರಿದ್ದಾರೆ. ಇಲ್ಲಿಯ ಜನ ಯಾವ ವಸ್ತುವನ್ನು ಯಾವಾಗ ಕೊಂಡರು, ಬೆಲೆ ಇಳಿಯುವ ತನಕ ಕಾಯುವುದು ಯಾರಿಗೆ ಸಾಧ್ಯವಾಯಿತು ಎಂಬ ಇತಿಹಾಸದ ಕಡೆಗೆ ಅಷ್ಟು ಗಮನ ಹರಿದಿಲ್ಲ. ಜೋಳ, ಎತ್ತು ಮತ್ತು ಕಂಪ್ಯೂಟರಿನ ಪ್ರೊಸೆಸರ್ ಎಂಬ ಮೂರು ಸರಕುಗಳನ್ನು ಒಂದೇ ಸಾಲಿನಲ್ಲಿ ಇಟ್ಟು ನೋಡಿದರೆ ಆ ಇತಿಹಾಸದ ಒಂದು ಮುಖ್ಯ ಎಳೆ ಸಿಗುತ್ತದೆ, ಏಕೆಂದರೆ ಮೂರರ ಬೆಲೆಯೂ ಕಾಲಕಾಲಕ್ಕೆ ಕುಸಿಯುತ್ತದೆ, ಆದರೆ ಕುಸಿಯುವ ಕಾರಣ ಮೂರಕ್ಕೂ ಬೇರೆ.

ಜತ್ತ ಮುಖ್ಯವಾಗಿ ಹಿಂಗಾರಿಯ ಸೀಮೆ. ಭಾದ್ರಪದ-ಆಶ್ವೀಜದ ಮಳೆಗೆ ಬಿತ್ತಿದ ಬಿಳಿಜೋಳ ಮಾಘ-ಫಾಲ್ಗುಣಕ್ಕೆ ಕೊಯ್ಲಿಗೆ ಬರುತ್ತದೆ, ಆಗ ಪೇಟೆಯಲ್ಲಿ ಜೋಳದ ದರ ವರ್ಷದಲ್ಲೇ ಅತಿ ಕೆಳಗೆ ಇಳಿಯುತ್ತದೆ, ಮತ್ತು ಮುಂದಿನ ಬೆಳೆ ಬರುವ ತನಕ ತಿಂಗಳಿಂದ ತಿಂಗಳಿಗೆ ಏರುತ್ತ ಹೋಗುತ್ತದೆ. ಈ ಏರಿಳಿತ ಎಲ್ಲರಿಗೂ ಗೊತ್ತಿದ್ದದ್ದೇ ಆದರೂ ಅದರ ಲಾಭ ಎಲ್ಲರಿಗೂ ಸಿಗುತ್ತಿರಲಿಲ್ಲ. ಸುಗ್ಗಿಯಲ್ಲಿ ಕೊಂಡು ಅಥವಾ ಬೆಳೆದು ಇಟ್ಟುಕೊಳ್ಳಬೇಕಾದರೆ ಹಗೇವು ಬೇಕು. ಹಗೇವು ಎಂದರೆ ಗಟ್ಟಿ ನೆಲವನ್ನು ಬಾವಿಯಂತೆ ತೋಡಿ, ಒಳಗೆ ಹುಲ್ಲು-ಹೊಟ್ಟು ಹಾಸಿ, ಕಾಳು ತುಂಬಿ, ಬಾಯಿಯನ್ನು ಕಲ್ಲು ಮಣ್ಣುಗಳಿಂದ ಮುಚ್ಚುವ ನೆಲದೊಳಗಿನ ಕಣಜ. ಮರಾಠಿಯಲ್ಲಿ ಇದಕ್ಕೆ ಪೇವ ಎನ್ನುತ್ತಾರೆ. ಗಾಳಿಯಾಡದ ಹಗೇವಿನೊಳಗೆ ಕಾಳು ಉಸಿರಾಡಿ ಬಿಟ್ಟ ಇಂಗಾಲಾಮ್ಲ ತುಂಬಿಕೊಳ್ಳುವುದರಿಂದ ಹುಳು ಬದುಕುವುದಿಲ್ಲ, ಕಾಳು ವರ್ಷಗಟ್ಟಲೆ ಉಳಿಯುತ್ತದೆ. ಅದೇ ಕಾರಣಕ್ಕೆ ತೆರೆದ ಹಗೇವಿಗೆ ಕೂಡಲೇ ಇಳಿದ ಮನುಷ್ಯನ ಜೀವಕ್ಕೂ ಅಪಾಯವಿರುತ್ತದೆ. ಸಾಂಗಲಿ ಬಳಿಯ ಹರಿಪುರದಲ್ಲಿ ಅರಿಸಿನದ ವ್ಯಾಪಾರಿಗಳು ಇದೇ ಬಗೆಯ ಪೇವಗಳಲ್ಲಿ ಸರಕು ಇಟ್ಟು ದರಕ್ಕಾಗಿ ಕಾಯುತ್ತಿದ್ದರು, 2005ರ ಕೃಷ್ಣಾ ಮಹಾಪೂರದಲ್ಲಿ ಆ ಪೇವಗಳಿಗೆ ದೊಡ್ಡ ಹಾನಿಯಾಯಿತು. ಹಗೇವು ಇದ್ದ ಮನೆ ಕಾಯಬಲ್ಲ ಮನೆಯಾಗಿತ್ತು. ಕಣದಲ್ಲೇ ಸಾಲ ತೀರಿಸಲು ಕಾಳು ಅಳೆದುಕೊಟ್ಟು ಆಷಾಢದಲ್ಲಿ ಅದೇ ಕಾಳನ್ನು ಏರಿದ ದರಕ್ಕೆ ಉದ್ರಿ ತರುವ ಮನೆಗೆ ಸುಗ್ಗಿಯ ಅಗ್ಗ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಎತ್ತಿನ ಬೆಲೆ ಇನ್ನೊಂದು ಕಾರಣಕ್ಕೆ ಕುಸಿಯುತ್ತಿತ್ತು. ಜತ್ತ, ಆಟಪಾಡಿ, ಮಂಗಳವೇಢೆ, ವಿಜಯಪುರಗಳ ಈ ಒಣ ಬಯಲು ಖಿಲಾರಿ ತಳಿಯ ಸೀಮೆ; ಜತ್ತದ ಯಲ್ಲಮ್ಮದೇವಿಯ ಮಾರ್ಗಶಿರದ ಜಾತ್ರೆಗೆ ಹೆಸರು ಬಂದದ್ದು ದೇವಿಯ ಭಕ್ತರಿಂದ ಎಷ್ಟೋ ಅಷ್ಟೇ ಖಿಲಾರಿ ಹೋರಿಗಳ ಪೇಟೆಯಿಂದಲೂ ಹೌದು. ಎತ್ತನ್ನು ಕೊಳ್ಳುವವರು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು, ಏಕೆಂದರೆ ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಎಂಬ ಎಣಿಕೆಯೇ ಅದರ ವಯಸ್ಸು, ಮತ್ತು ಇನ್ನೆಷ್ಟು ವರ್ಷ ದುಡಿಯಬಹುದೆಂಬ ಅಂದಾಜು. ಬೆಲೆಯನ್ನು ದಲಾಲರು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಕುದುರಿಸುವ ಪದ್ಧತಿಯಿಂದಾಗಿ ಒಂದು ಜೋಡಿಗೆ ನಿಜವಾಗಿ ಎಷ್ಟಾಯಿತೆಂದು ಪಕ್ಕದಲ್ಲಿ ನಿಂತವನಿಗೂ ತಿಳಿಯುತ್ತಿರಲಿಲ್ಲ. ಬಿತ್ತನೆ ಮುಗಿದ ಮೇಲೆ ಎತ್ತಿನ ಅಗತ್ಯ ತಗ್ಗಿ, ಮುಂಗಾರಿನ ಮೊದಲು ಮತ್ತೆ ಏರುವುದು ಪ್ರತಿವರ್ಷದ ಮಾತು. ಆದರೆ ಬೆಲೆಯನ್ನು ನಿಜವಾಗಿ ಮುರಿಯುತ್ತಿದ್ದದ್ದು ಬರ. 1876–78, 1896–97, 1899–1900, 1972–73 ಈ ಎಲ್ಲ ಬರಗಳಲ್ಲಿ ಮೇವು ತೀರಿದ ರೈತ ಎತ್ತನ್ನು ಸಾಕಲಾರದೆ ಸಿಕ್ಕ ಬೆಲೆಗೆ ಬಿಡಬೇಕಾಯಿತು, ಮತ್ತು ಹಿಂದಿನ ವರ್ಷದ ಕಣಕಿಯ ಬಣವಿ ಉಳಿಸಿಕೊಂಡವರು ಮಾತ್ರ ಆ ಬೆಲೆಗೆ ಕೊಳ್ಳಬಲ್ಲವರಾಗಿದ್ದರು. ಮಳೆ ಬಂದ ಮರುವರ್ಷ ಎಲ್ಲರಿಗೂ ಎತ್ತು ಬೇಕಾಗಿ, ಮಾರಿದವನೇ ಹೆಚ್ಚಿನ ಬೆಲೆ ತೆತ್ತು ಕೊಳ್ಳಬೇಕಾದ ಸ್ಥಿತಿ ಬರುತ್ತಿತ್ತು. 2012–13 ಮತ್ತು 2018–19ರ ಬರಗಳಲ್ಲಿ ಸರಕಾರ ತೆರೆದ ಮೇವಿನ ಛಾವಣಿಗಳು, ಅಂದರೆ ಶಿಬಿರಗಳು, ದನಗಳ ಜೀವ ಉಳಿಸಿದ್ದಲ್ಲದೆ, ಈ ಒತ್ತಾಯದ ಮಾರಾಟವನ್ನೂ ಸ್ವಲ್ಪಮಟ್ಟಿಗೆ ತಡೆದವು ಎಂಬುದನ್ನು ಅವುಗಳ ಇತಿಹಾಸ ಬರೆಯುವವರು ಗಮನಿಸಬೇಕು.

ಪ್ರೊಸೆಸರ್ ಎಂಬ ಸರಕು ಈ ಸೀಮೆಗೆ ಬಂದದ್ದು ತೀರ ಈಚೆಗೆ. ಕಂಪ್ಯೂಟರಿನ ಎಲ್ಲ ಲೆಕ್ಕವನ್ನೂ ನಡೆಸುವ, ಉಗುರಿನಷ್ಟು ಸಿಲಿಕಾನ್ ತುಣುಕಿನ ಮೇಲೆ ಕೋಟ್ಯಂತರ ಟ್ರಾನ್ಸಿಸ್ಟರುಗಳನ್ನು ಕೆತ್ತಿದ ಈ ಬಿಲ್ಲೆಯ ಬೆಲೆ ಕುಸಿಯುವುದು ಸುಗ್ಗಿಯ ಸಮೃದ್ಧಿಯಿಂದಲೂ ಅಲ್ಲ, ಬರದ ಸಂಕಟದಿಂದಲೂ ಅಲ್ಲ; ತಯಾರಿಕೆಯ ಒಳಗಿನ ಕಾರಣಗಳಿಂದ. ವೇಫರ್ ಎಂಬ ತೆಳು ಸಿಲಿಕಾನ್ ತಟ್ಟೆಯ ಮೇಲೆ ನೂರಾರು ಪ್ರೊಸೆಸರುಗಳು ಒಟ್ಟಿಗೆ ತಯಾರಾಗುತ್ತವೆ, ಒಂದು ತಟ್ಟೆಯನ್ನು ಸಂಸ್ಕರಿಸುವ ಖರ್ಚಿಗೆ ಹೋಲಿಸಿದರೆ ಅದರಲ್ಲಿ ಎಷ್ಟು ಬಿಲ್ಲೆಗಳು ಸಿಕ್ಕವು ಎಂಬುದರ ಮೇಲೆ ಒಂದೊಂದರ ಬೆಲೆ ನಿಲ್ಲುತ್ತದೆ; ಟ್ರಾನ್ಸಿಸ್ಟರ್ ಸಣ್ಣದಾದಂತೆ ಒಂದು ತಟ್ಟೆಯಲ್ಲಿ ಹೆಚ್ಚು ಬಿಲ್ಲೆಗಳು ಹಿಡಿಯುತ್ತವೆ, ಕಾರ್ಖಾನೆಯ ಕೈ ಪಳಗಿದಂತೆ ದೋಷವಿಲ್ಲದ ಬಿಲ್ಲೆಗಳ ಪ್ರಮಾಣ, ಅಂದರೆ ಇಳುವರಿ, ಏರುತ್ತದೆ. ಒಂದು ವಿನ್ಯಾಸ ಮತ್ತು ತಯಾರಿಕಾ ವಿಧಾನದಲ್ಲಿ ಹೊರಬಂದ ಪ್ರೊಸೆಸರುಗಳ ಕುಟುಂಬಕ್ಕೆ ಪೀಳಿಗೆ ಅಥವಾ ಜನರೇಷನ್ ಎಂದು ಹೆಸರು, ಹೊಸ ಪೀಳಿಗೆ ಹಳೆಯದು ನಿಂತಿದ್ದ ಬೆಲೆಯಲ್ಲೇ ಬಂದು ನಿಂತಾಗ ಹಳೆಯದು ಕೆಳಗಿನ ಮೆಟ್ಟಿಲಿಗೆ ಇಳಿಯಬೇಕಾಗುತ್ತದೆ. ಈ ಉದ್ಯಮದ ತಜ್ಞ ಗಾರ್ಡನ್ ಮೂರ್ 1965ರಲ್ಲಿ ಬಿಲ್ಲೆಯೊಂದರ ಮೇಲಿನ ಘಟಕಗಳು ಪ್ರತಿವರ್ಷ ದ್ವಿಗುಣಗೊಳ್ಳುತ್ತವೆ ಎಂದು ಗುರುತಿಸಿ, 1975ರಲ್ಲಿ ಆ ಅವಧಿಯನ್ನು ಎರಡು ವರ್ಷಕ್ಕೆ ತಿದ್ದಿದ್ದರು. ಕೊಳ್ಳುವವರ ದೃಷ್ಟಿಯಿಂದ ಅದು ಬೆಲೆ ಯಾವಾಗ ಇಳಿಯುತ್ತದೆಂದು ಹೇಳುವ ಪಂಚಾಂಗವೂ ಆಯಿತು.

ಆದರೆ ತಯಾರಿಕೆಯ ಖರ್ಚು ಇಳಿದ ಮಾತ್ರಕ್ಕೆ ಪೇಟೆಯ ಬೆಲೆ ತಾನಾಗಿ ಇಳಿಯುವುದಿಲ್ಲ, ಎದುರಾಳಿ ಬೇಕು ಎಂಬುದನ್ನು ಈ ಉದ್ಯಮದ ಇತಿಹಾಸ ಮತ್ತೆ ಮತ್ತೆ ತೋರಿಸಿದೆ. 1974ರಲ್ಲಿ ಇಂಟೆಲ್ ಕಂಪನಿಯ 8080 ಪ್ರೊಸೆಸರಿನ ಬಿಡಿ ಬೆಲೆ 360 ಡಾಲರ್ ಇತ್ತು, ಮೋಟೊರೋಲಾದ 6800 ಕೂಡ ಅದೇ ಮಟ್ಟದಲ್ಲಿತ್ತು. ಮೋಟೊರೋಲಾ ಬಿಟ್ಟು ಬಂದ ಚಕ್ ಪೆಡಲ್ ಮತ್ತು ಸಂಗಡಿಗರು ರೂಪಿಸಿದ 6502 ಎಂಬ ಪ್ರೊಸೆಸರನ್ನು 1975ರ ಸೆಪ್ಟೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪ್ರದರ್ಶನದಲ್ಲಿ 25 ಡಾಲರಿಗೆ ಮಾರಿದಾಗ, ಮೋಟೊರೋಲಾ ತನ್ನದನ್ನು 69 ಡಾಲರಿಗೆ ಇಳಿಸಬೇಕಾಯಿತು. 1990ರ ದಶಕದಲ್ಲಿ ಈ ಪಾತ್ರವನ್ನು ಎಎಂಡಿ ಕಂಪನಿ ವಹಿಸಿತು. 1997ರ ಏಪ್ರಿಲ್‌ನಲ್ಲಿ ಬಂದ ಅದರ ಕೆ6 ಪ್ರೊಸೆಸರ್ ಇಂಟೆಲ್‌ಗೆ ಸಮನಾದ ಸರಕನ್ನು ಕಾಲುಭಾಗ ಅಗ್ಗಕ್ಕೆ ಕೊಡುವ ನೀತಿಯಿಂದಲೇ ಪೇಟೆ ಹಿಡಿಯಿತು, ಅದಕ್ಕೆ ಉತ್ತರವೆಂಬಂತೆ ಇಂಟೆಲ್ 1998ರ ಏಪ್ರಿಲ್‌ನಲ್ಲಿ ಸೆಲೆರಾನ್ ಎಂಬ ಅಗ್ಗದ ಸಾಲನ್ನು ತಂದಿತು. 1993ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಮೊದಲ ಪೆಂಟಿಯಮ್‌ನ ಬೆಲೆ ಸಾವಿರ ಬಿಲ್ಲೆಗಳ ಸಗಟು ಲೆಕ್ಕದಲ್ಲಿ ಒಂದಕ್ಕೆ 878 ಡಾಲರ್ ಇದ್ದು, ಆಗಿನ ವಿನಿಮಯ ದರದಲ್ಲಿ ಸುಂಕ ಸೇರುವ ಮೊದಲೇ 27,000 ರೂಪಾಯಿ ದಾಟುತ್ತಿತ್ತು. ಐದು ವರ್ಷಗಳ ಮೇಲೆ ಬಂದ ಮೊದಲ ಸೆಲೆರಾನ್ 155 ಡಾಲರ್, ಅಂದರೆ ಸುಮಾರು 6,000 ರೂಪಾಯಿ. ಈ ಐದು ವರ್ಷಗಳ ಅಂತರದಲ್ಲೇ ಕಂಪ್ಯೂಟರ್ ಎಂಬುದು ಬ್ಯಾಂಕು ಮತ್ತು ಸಕ್ಕರೆ ಕಾರ್ಖಾನೆಗಳ ಕಚೇರಿಯಿಂದ ಹೊರಬಂದು ತಾಲ್ಲೂಕು ಊರಿನ ಅಂಗಡಿಗೆ ಬರುವ ದಾರಿ ತೆರೆಯಿತು.

ದಾರಿ ತೆರೆಯಲು ಭಾರತದ ತೆರಿಗೆ ನೀತಿಯೂ ಕಾರಣ. 1984ರ ನವೆಂಬರಿನ ಕಂಪ್ಯೂಟರ್ ನೀತಿ ಆಮದನ್ನು ಸಡಿಲಿಸಿತಾದರೂ ಸುಂಕ ಭಾರಿಯಾಗಿಯೇ ಇತ್ತು, 1991ರ ಜುಲೈಯಲ್ಲಿ ರೂಪಾಯಿಯ ಅಪಮೌಲ್ಯವಾದಾಗ ಡಾಲರಿನಲ್ಲಿ ಕೊಳ್ಳುವ ಎಲ್ಲವೂ ಒಮ್ಮೆಲೇ ತುಟ್ಟಿಯಾಯಿತು. 1997ರಲ್ಲಿ ಭಾರತ ವಿಶ್ವ ವಾಣಿಜ್ಯ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದವನ್ನು ಸೇರಿ, ಹಂತಹಂತವಾಗಿ 2005ರ ಹೊತ್ತಿಗೆ ಪ್ರೊಸೆಸರ್ ಮೊದಲಾದ ಭಾಗಗಳ ಮೇಲಿನ ಆಮದು ಸುಂಕವನ್ನು ಸೊನ್ನೆಗೆ ತಂದಿತು. ಹೀಗಾಗಿ 1997ರಿಂದ 2005ರ ತನಕ ಇಲ್ಲಿಯ ಕೊಳ್ಳುಗನಿಗೆ ಎರಡು ಇಳಿಕೆಗಳು ಒಟ್ಟಿಗೆ ದಕ್ಕಿದವು: ಪೀಳಿಗೆಯ ಇಳಿಕೆ ಒಂದು, ಸುಂಕದ ಇಳಿಕೆ ಇನ್ನೊಂದು. ಕಾದವರಿಗೆ ಇಷ್ಟು ನಿಶ್ಚಿತವಾಗಿ ಲಾಭವಾದ ಕಾಲ ಭಾರತದ ಕಂಪ್ಯೂಟರ್ ಪೇಟೆಯಲ್ಲಿ ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲ. ಜತ್ತದ ಕೊಳ್ಳುಗನಿಗೆ ಹತ್ತಿರದ ಪೇಟೆಗಳು ಒಂದು ಕಡೆ ಸಾಂಗಲಿ-ಮಿರಜ-ಕೊಲ್ಹಾಪುರ, ಇನ್ನೊಂದು ಕಡೆ ವಿಜಯಪುರ. ಆ ಪೇಟೆಗಳ ಹಿಂದೆ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ ಮತ್ತು ಬೆಂಗಳೂರಿನ ಎಸ್.ಪಿ. ರಸ್ತೆ, ಅಂದರೆ ಸದರ ಪತ್ರಪ್ಪ ರಸ್ತೆ, ಎಂಬ ಎರಡು ದೊಡ್ಡ ಸಗಟು ಬೀದಿಗಳಿದ್ದವು. ಸಗಟು ಬೀದಿಯಲ್ಲಿ ಇಳಿದ ಬೆಲೆ ತಾಲ್ಲೂಕು ಊರಿಗೆ ತಲುಪಲು ತಡವಾಗುತ್ತಿತ್ತು, ಏಕೆಂದರೆ ಹಳೆಯ ದರಕ್ಕೆ ಸರಕು ತಂದಿಟ್ಟ ಸಣ್ಣ ಅಂಗಡಿಗೆ ಅದನ್ನು ನಷ್ಟಕ್ಕೆ ಮಾರುವ ಶಕ್ತಿ ಇರಲಿಲ್ಲ. ಇದನ್ನು ವ್ಯಾಪಾರಿಯ ದುರಾಸೆ ಎಂದು ಕರೆಯುವುದು ಅನ್ಯಾಯ. ಬೆಲೆ ಇಳಿಯುವ ಸರಕನ್ನು ದಾಸ್ತಾನು ಇಡುವುದು ಹಗೇವಿನಲ್ಲಿ ಜೋಳ ಇಟ್ಟ ವ್ಯಾಪಾರಿಗೆ ಗೊತ್ತೇ ಇರದಿದ್ದ ಸಂಕಟ, ಏಕೆಂದರೆ ಜೋಳ ಇಟ್ಟಷ್ಟೂ ದರ ಏರುತ್ತಿತ್ತು, ಪ್ರೊಸೆಸರ್ ಇಟ್ಟಷ್ಟೂ ಇಳಿಯುತ್ತದೆ.

ಸಾಂಗಲಿ ಜಿಲ್ಲೆಯ ಹಳ್ಳಿಗಳಿಗೆ ಕಂಪ್ಯೂಟರ್ ಸಾಮೂಹಿಕವಾಗಿ ಬಂದ ಮೊದಲ ದೊಡ್ಡ ಪ್ರಸಂಗ ಜತ್ತದಿಂದ ದೂರದಲ್ಲಿ, ಜಿಲ್ಲೆಯ ಪಶ್ಚಿಮದ ಕಬ್ಬಿನ ನಾಡಿನಲ್ಲಿ ನಡೆಯಿತು. ತಾತ್ಯಾಸಾಹೇಬ ಕೋರೆಯವರು ಕಟ್ಟಿದ ವಾರಣಾ ಸಹಕಾರಿ ಸಂಕುಲವನ್ನು ನಡುವಿಟ್ಟುಕೊಂಡು 1998ರಲ್ಲಿ ಆರಂಭವಾದ ವಾರಣಾ ಯೋಜನೆ ಕೊಲ್ಹಾಪುರ ಮತ್ತು ಸಾಂಗಲಿ ಜಿಲ್ಲೆಗಳ 70 ಹಳ್ಳಿಗಳನ್ನು ಕಂಪ್ಯೂಟರ್ ಜಾಲದಲ್ಲಿ ಜೋಡಿಸಲು ಹೊರಟಿತ್ತು, ಹಳ್ಳಿಯ ಕೇಂದ್ರಗಳಲ್ಲಿ ಕಂಪ್ಯೂಟರ್ ಇಟ್ಟು ಕೃಷಿ, ಮಾರುಕಟ್ಟೆ, ಕಬ್ಬಿನ ಲೆಕ್ಕ ಎಲ್ಲವನ್ನೂ ರೈತನಿಗೆ ಒದಗಿಸುವ ಆಸೆ ಅದರದ್ದಾಗಿತ್ತು. ವರ್ಷಗಳು ಕಳೆದಂತೆ ಉಳಿದದ್ದು ಮುಖ್ಯವಾಗಿ ಕಬ್ಬಿನ ತೂಕ, ಗೊಬ್ಬರ ಮತ್ತು ಬಿಲ್ಲಿನ ಲೆಕ್ಕ, ಯಂತ್ರಗಳು ಹಳತಾಗುತ್ತ ಅವನ್ನು ಸುಸ್ಥಿತಿಯಲ್ಲಿಡುವ ಖರ್ಚು ಏರುತ್ತ ಹೋಯಿತು. ಆಗ ಸಂಶೋಧಕರು ಏಳು ಹಳ್ಳಿಗಳಲ್ಲಿ ಕಂಪ್ಯೂಟರಿನ ಬದಲು ಸಾಧಾರಣ ಮೊಬೈಲ್ ಫೋನಿನ ಎಸ್ಸೆಮ್ಮೆಸ್ ಮೂಲಕವೇ ಅದೇ ಕೆಲಸ ಮಾಡಿಸಿ, ಅದು ಅಗ್ಗ ಮತ್ತು ರೈತರಿಗೆ ಅನುಕೂಲ ಎಂದು 2007ರ ಸುಮಾರಿಗೆ ತೋರಿಸಿದರು. ಹಲವಾರು ಯಂತ್ರಗಳನ್ನು ಒಂದೇ ಕಾಲದಲ್ಲಿ, ಒಂದೇ ಪೀಳಿಗೆಯಲ್ಲಿ ಕೊಂಡರೆ ಅವೆಲ್ಲವೂ ಒಂದೇ ಕಾಲದಲ್ಲಿ ಹಳತಾಗುತ್ತವೆ ಎಂಬ ಕಟುಸತ್ಯ ಆ ಯೋಜನೆಯ ಇತಿಹಾಸದಲ್ಲಿ ಕಾಣುತ್ತದೆ, ಶಾಲೆಗಳಿಗೆ ಕಂಪ್ಯೂಟರ್ ಹಂಚಿದ ಮುಂದಿನ ಸರಕಾರಿ ಯೋಜನೆಗಳು ಅದನ್ನು ಎಷ್ಟು ಗಮನಿಸಿದವೆಂಬುದು ಕೇಳಬೇಕಾದ ಪ್ರಶ್ನೆ.

ಜತ್ತದಂಥ ಊರಿನಲ್ಲಿ ಪ್ರೊಸೆಸರಿನ ಬೆಲೆಯನ್ನು ವರ್ಷವರ್ಷವೂ ಲೆಕ್ಕ ಹಾಕಬೇಕಾದವರು ಕಂಪ್ಯೂಟರ್ ಕ್ಲಾಸ್ ನಡೆಸುವವರು. 2001ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ನಾಲೆಜ್ ಕಾರ್ಪೊರೇಷನ್ ರೂಪಿಸಿದ ಎಂಎಸ್-ಸಿಐಟಿ ಎಂಬ ಪ್ರಮಾಣಪತ್ರದ ಪಠ್ಯಕ್ರಮ ರಾಜ್ಯ ಸರಕಾರದ ನೌಕರಿಗೆ ಬೇಕಾದ ಅರ್ಹತೆಗಳಲ್ಲಿ ಒಂದಾದಾಗ, ತಾಲ್ಲೂಕು ತಾಲ್ಲೂಕಿಗೂ ಅದರ ಅಧಿಕೃತ ಕೇಂದ್ರಗಳು ಹುಟ್ಟಿಕೊಂಡವು, ಕನ್ನಡ ಶಾಲೆಯಲ್ಲಿ ಓದಿದ ಗಡಿಯ ಮಕ್ಕಳಿಗೂ ಮರಾಠಿ ಶಾಲೆಯ ಮಕ್ಕಳಿಗೂ ಮೊದಲ ಸಲ ಕೀಲಿಮಣೆ ಮುಟ್ಟುವ ಅವಕಾಶ ಬಂದದ್ದು ಹೆಚ್ಚಾಗಿ ಇಂಥ ಕೇಂದ್ರಗಳಲ್ಲಿಯೇ. ಕೇಂದ್ರ ನಡೆಸುವವರಿಗೆ ಸುಗ್ಗಿ ಎಂದರೆ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಪರೀಕ್ಷೆ ಮುಗಿದ ಮೇಲಿನ ಬೇಸಿಗೆಯ ರಜೆ. ಯಂತ್ರಗಳನ್ನು ಮಾರ್ಚ್-ಏಪ್ರಿಲ್ ಹೊತ್ತಿಗೆ ತಂದು ಕೂಡಿಸಿರಬೇಕು. ಆದರೆ ಪ್ರೊಸೆಸರ್ ಕಂಪನಿಗಳ ದೊಡ್ಡ ಬಿಡುಗಡೆಗಳು ಹಲವು ಸಲ ವರ್ಷದ ಎರಡನೆಯ ಅರ್ಧದಲ್ಲಿ ಬರುತ್ತವೆ. ಇದರ ತೀವ್ರ ಉದಾಹರಣೆ 2006. ಆ ವರ್ಷದ ಜುಲೈ 27ರಂದು ಇಂಟೆಲ್ ಕೋರ್ 2 ಡ್ಯುಯೋ ಎಂಬ ಪೀಳಿಗೆಯನ್ನು ಬಿಡುಗಡೆ ಮಾಡಿತು, ಅದರ ಕೆಳಗಿನ ಮಾದರಿಯ ಬೆಲೆ 183 ಡಾಲರ್ ಇದ್ದು, ಅದಕ್ಕಿಂತ ತುಟ್ಟಿಯಾದ ಹಿಂದಿನ ಪೀಳಿಗೆಯ ಪ್ರೊಸೆಸರುಗಳನ್ನೂ ವೇಗದಲ್ಲಿ ಹಿಂದಿಕ್ಕುವಂತಿತ್ತು. ಅದೇ ವಾರ ಎಎಂಡಿ ತನ್ನ ಎರಡು ಕೋರ್‌ಗಳ, ಅಂದರೆ ಎರಡು ಲೆಕ್ಕಯಂತ್ರಗಳನ್ನು ಒಂದೇ ಬಿಲ್ಲೆಯಲ್ಲಿ ಕೂಡಿಸಿದ, ಪ್ರೊಸೆಸರುಗಳ ಬೆಲೆಯನ್ನು ಸುಮಾರು ಅರ್ಧಕ್ಕೆ ಇಳಿಸಿತು. ಏಪ್ರಿಲ್‌ನಲ್ಲಿ ಕೊಂಡವರು ನಾಲ್ಕು ತಿಂಗಳಲ್ಲಿ ಎರಡು ಬಗೆಯಲ್ಲಿ ಸೋತರು, ಆದರೆ ಅವರು ಜುಲೈ ತನಕ ಕಾದಿದ್ದರೆ ಆ ವರ್ಷದ ಬೇಸಿಗೆಯ ಶುಲ್ಕವೇ ಕೈತಪ್ಪುತ್ತಿತ್ತು. ಕಾಯುವುದರ ಲಾಭವನ್ನು ಬರಿಯ ಬೆಲೆಯ ವ್ಯತ್ಯಾಸದಲ್ಲಿ ಅಳೆಯುವವರು ಮರೆಯುವುದು ಇದನ್ನೇ: ಕಾದ ತಿಂಗಳುಗಳಲ್ಲಿ ನಿಂತುಹೋದ ಕೆಲಸಕ್ಕೂ ಬೆಲೆ ಇದೆ.

ಅದೇ ದಶಕದಲ್ಲಿ ಮಹಾರಾಷ್ಟ್ರದ ಗ್ರಾಮೀಣ ಭಾಗಗಳು ದಿನದ ಅರ್ಧದಷ್ಟು ಹೊತ್ತು ಲೋಡ್‌ಶೆಡ್ಡಿಂಗ್‌ನಲ್ಲಿ ಕಳೆಯುತ್ತಿದ್ದವು, ಮತ್ತು ಈ ಕಾರಣಕ್ಕೆ ಜತ್ತದ ಕೊಳ್ಳುಗನಿಗೆ ಮುಂಬಯಿಯ ಕೊಳ್ಳುಗನಿಗೆ ಇಲ್ಲದ ಒಂದು ಲೆಕ್ಕ ಇತ್ತು. ಪೆಂಟಿಯಮ್ 4ರ ಕೊನೆಯ ಮಾದರಿಗಳು ಹೊರೆ ಬಿದ್ದಾಗ ನೂರು ವ್ಯಾಟಿನ ಆಸುಪಾಸು ಉರಿಯುತ್ತಿದ್ದವು, ಕೋರ್ 2 ಡ್ಯುಯೋದ ಮಿತಿ 65 ವ್ಯಾಟ್. ಹತ್ತು ಯಂತ್ರಗಳನ್ನು ಬ್ಯಾಟರಿ-ಇನ್ವರ್ಟರಿನ ಮೇಲೆ ನಡೆಸುವ ಕೇಂದ್ರಕ್ಕೆ, ಹಳೆಯ ಪೀಳಿಗೆ ಅಗ್ಗಕ್ಕೆ ಸಿಕ್ಕಿತೆಂದು ಕೊಂಡರೆ ಉಳಿಸಿದ ಹಣ ಬ್ಯಾಟರಿಯಲ್ಲಿ ಹೋಗುತ್ತಿತ್ತು. ಹೊಸ ಪೀಳಿಗೆ ಬಂದಾಗ ಹಳೆಯದನ್ನು ಕೊಳ್ಳಬೇಕು ಎಂಬ ಪ್ರಚಲಿತ ಜಾಣತನ 2006ರಲ್ಲಿ ಇಲ್ಲಿ ತಿರುಗುಮುರುಗಾಯಿತು.

ಭಾಷೆಯ ಲೆಕ್ಕವೂ ಇದರಲ್ಲಿ ಬೆರೆತಿತ್ತು. ಬರಹ, ನುಡಿ ಮೊದಲಾದ ತಂತ್ರಾಂಶಗಳಲ್ಲಿ ತಮ್ಮದೇ ಅಕ್ಷರವಿನ್ಯಾಸಗಳ ಮೂಲಕ ಕನ್ನಡ ಬರೆಯುವುದು ಹಳೆಯ ಯಂತ್ರಗಳಲ್ಲೂ ಸಾಧ್ಯವಿತ್ತು, ಆದರೆ ಎಲ್ಲ ಯಂತ್ರಗಳಿಗೂ ಒಂದೇ ಸಂಕೇತವಾದ ಯೂನಿಕೋಡ್‌ನಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡಲು 2001ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಬೇಕಾಯಿತು; ಹಿಂದಿಯನ್ನೂ ಮರಾಠಿಯನ್ನೂ ಬರೆಯುವ ದೇವನಾಗರಿ ಲಿಪಿಗೆ ಆ ಅನುಕೂಲ ಒಂದು ಆವೃತ್ತಿ ಮೊದಲೇ, ವಿಂಡೋಸ್ 2000ದಲ್ಲಿ, ದೊರಕಿತ್ತು. ಎಕ್ಸ್‌ಪಿ ಸರಾಗವಾಗಿ ನಡೆಯಲು ವಿಂಡೋಸ್ 98 ಕೇಳುತ್ತಿದ್ದದ್ದಕ್ಕಿಂತ ಹೆಚ್ಚಿನ ಪ್ರೊಸೆಸರ್ ಶಕ್ತಿಯೂ ಹೆಚ್ಚಿನ ಮೆಮೊರಿಯೂ ಬೇಕಿದ್ದುದರಿಂದ, ಗಡಿಯ ಊರಿನಲ್ಲಿ ಮದುವೆಯ ಕರೆಯೋಲೆಯನ್ನೋ ಶಾಲೆಯ ಪ್ರಶ್ನೆಪತ್ರಿಕೆಯನ್ನೋ ಎರಡು ಭಾಷೆಗಳಲ್ಲಿ ಅಚ್ಚು ಹಾಕಿಕೊಡುವ ಅಂಗಡಿಗೆ ಹಳೆಯ ಪೀಳಿಗೆಯ ಅಗ್ಗದ ಯಂತ್ರ ಮರಾಠಿಯ ಕೆಲಸಕ್ಕೆ ಒದಗಿದಷ್ಟು ಸುಲಭವಾಗಿ ಕನ್ನಡಕ್ಕೆ ಒದಗಲಿಲ್ಲ. ಒಂದು ಯಂತ್ರ ಯಾವಾಗ ಹಳತಾಯಿತೆಂದು ನಿರ್ಧರಿಸುವುದು ಪ್ರೊಸೆಸರ್ ಒಂದೇ ಅಲ್ಲ, ಅದರ ಮೇಲೆ ಓಡುವ ತಂತ್ರಾಂಶವೂ ಹೌದು ಎಂಬುದು ಇಲ್ಲಿ ಮೊದಲು ಸ್ಪಷ್ಟವಾಯಿತು, ಮುಂದೆ ಇದೇ ಸಂಗತಿ ಇನ್ನೂ ಕಠಿಣ ರೂಪದಲ್ಲಿ ಎದುರಾಯಿತು.

2011ರಿಂದ 2017ರ ಆರಂಭದ ತನಕದ ಕಾಲ ಕಾಯುವವರ ಪಾಲಿಗೆ ಬರಡು. ಎದುರಾಳಿ ಎಎಂಡಿ ಹಿಂದೆ ಬಿದ್ದಿದ್ದ ಆ ವರ್ಷಗಳಲ್ಲಿ ಇಂಟೆಲ್‌ನ ಪೀಳಿಗೆಗಳು ಹೆಚ್ಚುಕಡಿಮೆ ವರ್ಷಕ್ಕೊಂದರಂತೆ ಬಂದವು, ಆದರೆ ಬೆಲೆಯ ಮೆಟ್ಟಿಲುಗಳು ಅಲುಗಲಿಲ್ಲ: 2011ರ ಜನವರಿಯಲ್ಲಿ ನಾಲ್ಕು ಕೋರ್‌ಗಳ ಐ7-2600ಕೆ 317 ಡಾಲರಿಗೆ ಬಂದಿತ್ತು, 2017ರ ಜನವರಿಯಲ್ಲಿ ಬಂದ ಐ7-7700ಕೆ ಕೂಡ ನಾಲ್ಕೇ ಕೋರ್‌ಗಳದ್ದು, ಅದರ ಬೆಲೆ 339 ಡಾಲರ್. ಹಳೆಯ ಪೀಳಿಗೆಯ ಅಧಿಕೃತ ಬೆಲೆಯನ್ನು ಇಳಿಸುವ ಬದಲು ಅದರ ತಯಾರಿಕೆಯನ್ನೇ ನಿಲ್ಲಿಸಿ ದಾಸ್ತಾನು ತೀರಲು ಬಿಡುವುದು ಇಂಟೆಲ್‌ನ ರೂಢಿಯಾದ್ದರಿಂದ, ಹೊಸದು ಬಂದ ಮೇಲೆ ಹಳೆಯದು ಅಗ್ಗವಾಗುತ್ತದೆಂದು ಕಾದವರಿಗೆ ಹಲವು ಸಲ ಹಳೆಯದು ಪೇಟೆಯಲ್ಲೇ ಕಾಣದಂತಾಯಿತು. ಭಾರತದಲ್ಲಿ ಇದರ ಮೇಲೆ ರೂಪಾಯಿಯ ಹೊಡೆತವೂ ಬಿತ್ತು. 2013ರ ಜೂನ್‌ನಲ್ಲಿ ಇಂಟೆಲ್‌ನ ನಾಲ್ಕನೆಯ ಪೀಳಿಗೆ ಬಂದಾಗ ಮೂರನೆಯದು ಅಗ್ಗವಾಗಲಿ ಎಂದು ಕಾದವರ ಲೆಕ್ಕವನ್ನೇ ನೋಡಬಹುದು: ಮೇ ಆರಂಭದಲ್ಲಿ ಡಾಲರಿಗೆ ಸುಮಾರು 54 ಇದ್ದ ರೂಪಾಯಿ ಆಗಸ್ಟ್ ಕೊನೆಗೆ 68 ದಾಟಿತು, ಅಂದರೆ 200 ಡಾಲರಿನ ಪ್ರೊಸೆಸರ್ ಮೇ ತಿಂಗಳಲ್ಲಿ 10,800 ರೂಪಾಯಿ, ಅದೇ ಸರಕು ಐದನೆಯ ಒಂದು ಭಾಗ ಅಗ್ಗವಾಗಿ 160 ಡಾಲರಿಗೆ ಇಳಿದಿದ್ದರೂ ಆಗಸ್ಟ್ ಕೊನೆಯಲ್ಲಿ 10,880 ರೂಪಾಯಿ. ಬೆಲೆ ಇಳಿಯುವುದನ್ನು ಡಾಲರಿನಲ್ಲಿ ಓದಿ ರೂಪಾಯಿಯಲ್ಲಿ ಕೊಳ್ಳುವವರು ಈ ಎರಡನೆಯ ಲೆಕ್ಕವನ್ನು ಎಂದೂ ಬಿಡುವಂತಿಲ್ಲ.

ಆ ಬರಡು ಕಾಲ ಮುಗಿದದ್ದು 2017ರ ಮಾರ್ಚ್ 2ರಂದು ಬಂದ ಎಎಂಡಿಯ ರೈಜೆನ್ ಪೀಳಿಗೆಯಿಂದ. ಇಂಟೆಲ್ ಸಾವಿರ ಡಾಲರಿಗೂ ಮೇಲೆ ಮಾರುತ್ತಿದ್ದ ಎಂಟು ಕೋರ್‌ಗಳ ಪ್ರೊಸೆಸರನ್ನು ಎಎಂಡಿ 329 ಡಾಲರಿನಿಂದ ಮಾರತೊಡಗಿದಾಗ, ಇಂಟೆಲ್ ಅದೇ ವರ್ಷದ ಅಕ್ಟೋಬರಿನಲ್ಲಿ ತನ್ನ ಎಂಟನೆಯ ಪೀಳಿಗೆಯಲ್ಲಿ ಕೋರ್‌ಗಳನ್ನು ಹೆಚ್ಚಿಸಬೇಕಾಯಿತು, ಪರಿಣಾಮವಾಗಿ ಜನವರಿಯಲ್ಲಿ 180 ಡಾಲರ್ ದಾಟಿದ್ದ ಐ5ರಲ್ಲಿ ಸಿಗುತ್ತಿದ್ದ ನಾಲ್ಕು ಕೋರ್‌ಗಳು ಅಕ್ಟೋಬರಿನಲ್ಲಿ 117 ಡಾಲರಿನ ಐ3ರಲ್ಲಿ ಸಿಕ್ಕವು. ಆ ವರ್ಷದ ಬೇಸಿಗೆಯಲ್ಲಿ ಏಳನೆಯ ಪೀಳಿಗೆ ಕೊಂಡವರ ನಷ್ಟ ಇಷ್ಟಕ್ಕೇ ನಿಲ್ಲಲಿಲ್ಲ. ಇಂಟೆಲ್‌ನ ಎಂಟನೆಯ ಪೀಳಿಗೆಗೆ ಏಳನೆಯದರ ಮದರ್‌ಬೋರ್ಡ್, ಅಂದರೆ ಪ್ರೊಸೆಸರ್ ಕೂರುವ ಮೂಲಫಲಕ, ಒಗ್ಗಲಿಲ್ಲ. ಎಎಂಡಿ ಮಾತ್ರ ಎಎಂ4 ಎಂಬ ಒಂದೇ ಸಾಕೆಟನ್ನು ಹಲವು ಪೀಳಿಗೆಗಳ ಕಾಲ ಉಳಿಸಿಕೊಂಡಿದ್ದರಿಂದ, ಮೊದಲು ಅಗ್ಗದ ಪ್ರೊಸೆಸರ್ ಹಾಕಿ ನಾಲ್ಕೈದು ವರ್ಷಗಳ ಮೇಲೆ ಬೆಲೆ ಇಳಿದ ಮೇಲಿನದನ್ನು ಅದೇ ಫಲಕದಲ್ಲಿ ಕೂರಿಸುವ ದಾರಿ ಅನೇಕರಿಗೆ ತೆರೆಯಿತು. ಎರಡು ಸಲ ಸ್ವಲ್ಪ ಸ್ವಲ್ಪ ಖರ್ಚು ಮಾಡುವ ಈ ಕ್ರಮ, ಒಮ್ಮೆಲೇ ದೊಡ್ಡ ಮೊತ್ತ ಹೊಂದಿಸಲಾಗದ ದ್ರಾಕ್ಷಿ-ದಾಳಿಂಬೆಯ ರೈತ ಕುಟುಂಬಗಳ ಕೈಯಳತೆಗೆ ಹೆಚ್ಚು ಹೊಂದುವಂಥದ್ದು, ಏಕೆಂದರೆ ಅಲ್ಲಿ ರೊಕ್ಕ ಕೈಗೆ ಬರುವುದೇ ವರ್ಷಕ್ಕೊಮ್ಮೆ, ಒಣದ್ರಾಕ್ಷಿ ಶೀತಗೃಹದಿಂದ ಹೊರಟು ಸಾಂಗಲಿ ಅಥವಾ ತಾಸಗಾಂವದ ಲಿಲಾವಿನಲ್ಲಿ ಬಿಕರಿಯಾದ ಮೇಲೆ.

ಕಾಯುವಿಕೆ ಪೂರ್ತಿ ಸೋತ ವರ್ಷಗಳೂ ಇವೆ. 2020ರ ಲಾಕ್‌ಡೌನಿನಲ್ಲಿ ಶಾಲೆ ಮತ್ತು ಕಚೇರಿಗಳು ಮನೆಗೆ ಬಂದಾಗ ಬೇಡಿಕೆ ಹೆಚ್ಚಿ, ತಯಾರಿಕೆ ಅದಕ್ಕೆ ಸಾಲದೆ, 2021ರಲ್ಲಿ ಜಗತ್ತಿನಾದ್ಯಂತ ಬಿಲ್ಲೆಗಳ ಅಭಾವ ಉಂಟಾಯಿತು. 2019ರ ಜುಲೈಯಲ್ಲಿ 199 ಡಾಲರಿಗೆ ಬಂದ ರೈಜೆನ್ 5 3600 ಪ್ರೊಸೆಸರ್ 2020ರ ಮಧ್ಯದಲ್ಲಿ ಅದಕ್ಕಿಂತ ಕೆಳಗೆ ಇಳಿದು, ಹೊಸ ಪೀಳಿಗೆ ನವೆಂಬರಿನಲ್ಲಿ ಬಂದ ಮೇಲೆ ಅಗ್ಗವಾಗುವ ಬದಲು ಬಿಡುಗಡೆಯ ಬೆಲೆಯನ್ನೂ ಮೀರಿ ಏರಿತು. ಪೀಳಿಗೆಯ ಪಂಚಾಂಗ ಸುಗ್ಗಿಯ ಪಂಚಾಂಗದಷ್ಟು ಗಟ್ಟಿಯಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕಿಲ್ಲ.

ಇಷ್ಟಾದರೂ ಈ ಸೀಮೆಯ ಜನ ದೊಡ್ಡ ವಸ್ತುವನ್ನು ಕೊಳ್ಳುವ ದಿನ ಕಂಪನಿಗಳ ಬಿಡುಗಡೆಯನ್ನು ಅನುಸರಿಸಿಲ್ಲ. ಗುಡಿ ಪಾಡವಾ, ಅಕ್ಷಯ ತೃತೀಯಾ, ವಿಜಯದಶಮಿ ಎಂಬ ಮೂರು ಪೂರ್ಣ ಮುಹೂರ್ತಗಳು ಮತ್ತು ಬಲಿಪಾಡ್ಯಮಿ ಎಂಬ ಅರ್ಧ ಮುಹೂರ್ತ, ಹೀಗೆ ಮಹಾರಾಷ್ಟ್ರದಲ್ಲಿ ಪಂಚಾಂಗ ನೋಡದೆಯೇ ಶುಭವೆನಿಸುವ ಮೂರೂವರೆ ದಿನಗಳಲ್ಲಿ ಟ್ರ್ಯಾಕ್ಟರ್, ಬೈಕು, ಬಂಗಾರದ ಜೊತೆ ಕಂಪ್ಯೂಟರೂ ಸೇರಿಕೊಂಡಿತು. ದಸರಾ-ದೀಪಾವಳಿಯ ಕಾಲ ಸೆಪ್ಟೆಂಬರ್-ನವೆಂಬರಿನ ಬಿಡುಗಡೆಗಳ ಜೊತೆ ಕೂಡಿಬರುವುದು ಕಾಕತಾಳೀಯವಾದರೂ ಕೊಳ್ಳುಗರಿಗೆ ಅನುಕೂಲವೇ ಆಯಿತು, 2014ರಿಂದ ಆನ್‌ಲೈನ್ ಮಳಿಗೆಗಳ ಹಬ್ಬದ ಮಾರಾಟ ಶುರುವಾದ ಮೇಲೆ ಆ ಕಾಲದಲ್ಲಿ ಹಿಂದಿನ ಪೀಳಿಗೆಯ ದಾಸ್ತಾನು ನಿಜವಾಗಿಯೂ ಅಗ್ಗಕ್ಕೆ ಸಿಗತೊಡಗಿತು. 2017ರ ಜುಲೈ 1ರಂದು ಜಾರಿಗೆ ಬಂದ ಜಿಎಸ್‌ಟಿ ಎರಡೂ ರಾಜ್ಯಗಳಲ್ಲಿ ಪ್ರೊಸೆಸರಿನ ಮೇಲೆ ಒಂದೇ ಪ್ರಮಾಣದ, ಶೇಕಡಾ 18ರ ತೆರಿಗೆ ಹಾಕಿದ್ದರಿಂದ, ತೆರಿಗೆಯ ವ್ಯತ್ಯಾಸ ನೋಡಿ ಗಡಿಯ ಈಚೆ ಕೊಳ್ಳಬೇಕೋ ಆಚೆ ಕೊಳ್ಳಬೇಕೋ ಎಂದು ಯೋಚಿಸುವ ಅಗತ್ಯವೂ ಇಲ್ಲವಾಯಿತು.

ಈಚಿನ ತಿರುವು ಹೊಸ ಸರಕಿನ ಪೇಟೆಗಿಂತ ಸೆಕೆಂಡ್ ಹ್ಯಾಂಡ್ ಪೇಟೆಯದ್ದು. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11 ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಿಂದಿನ ಪ್ರೊಸೆಸರುಗಳನ್ನು ಬಹುಪಾಲು ಹೊರಗಿಟ್ಟಿತು, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. 2017ರ ಬೇಸಿಗೆಯಲ್ಲಿ ಏಳನೆಯ ಪೀಳಿಗೆ ಕೊಂಡ ಕೇಂದ್ರಗಳ ಯಂತ್ರಗಳು ಹೀಗೆ ಕೆಟ್ಟುಹೋಗದೆಯೇ, ಕೆಲಸದಲ್ಲಿ ಸೋಲದೆಯೇ, ಒಂದು ಗೊತ್ತಾದ ದಿನಕ್ಕೆ ಹಳತಾದವು. ದೊಡ್ಡ ಊರುಗಳ ಕಚೇರಿಗಳು ಅಂಥ ಯಂತ್ರಗಳನ್ನು ಹೊರಹಾಕಿದಂತೆ ಅವುಗಳ ಬೆಲೆ ಬಿತ್ತು. ಸುಗ್ಗಿಯ ಅಗ್ಗದಲ್ಲಿ ನಷ್ಟಪಟ್ಟವನು ಸಾಲಗಾರ ರೈತ, ಬರದ ಅಗ್ಗದಲ್ಲಿ ನಷ್ಟಪಟ್ಟವನು ಮೇವಿಲ್ಲದ ರೈತ. ಈ ಮೂರನೆಯ ಅಗ್ಗದಲ್ಲಿ ನಷ್ಟಪಡುವವನು ಹೊಸದನ್ನು ಕೊಳ್ಳಲಾರದೆ ಹಳೆಯದನ್ನೇ ನೆಚ್ಚಿ ಕುಳಿತ ಸಣ್ಣ ಕೇಂದ್ರದವನು. ಆದರೆ ಈ ಸಲ ಕೊಳ್ಳುವವರಲ್ಲೂ ಬಡವರಿದ್ದಾರೆ. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಹಾಕಿದರೆ ಆ ಯಂತ್ರಗಳು ಕನ್ನಡವನ್ನೂ ಮರಾಠಿಯನ್ನೂ ಸರಿಯಾಗಿ ತೋರಿಸುತ್ತ ಇನ್ನೂ ಕೆಲವು ವರ್ಷ ಶಾಲೆಯ ಪಾಠಕ್ಕೆ ಸಾಲುತ್ತವೆ, ಮತ್ತು 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ಹೊಸ ಮೆಮೊರಿಯ ದರ ಏರತೊಡಗಿದ್ದರಿಂದ, ಮೆಮೊರಿ ಸಹಿತ ಸಿಗುವ ಇಂಥ ಹಳೆಯ ಯಂತ್ರವನ್ನು ಇನ್ನಷ್ಟು ಅಗ್ಗವಾಗಲೆಂದು ಕಾಯದೆ ಈಗಲೇ ಕೊಳ್ಳುವುದು ಜತ್ತದ ಹಳ್ಳಿಯ ಶಾಲೆಗೆ ಲಾಭದ ಲೆಕ್ಕವಾಗಿದೆ.